ಮಾವ ದಿನಾ ಸಂಜೆ ಕೇಳ್ತಾರೆ, "ಕರಿಯಂಗೆ ಅನ್ನ ಹಾಕಿದ್ಯಾ?" ಏನು ಹೇಳೋದು?

ಕೊಪ್ಪದ ಕಡೆಯವಳು · ಭಾನುವಾರ ರಾತ್ರಿ 9:10

ಇದು ನಾಯಿ ವಿಷಯವೋ ಮನುಷ್ಯರ ವಿಷಯವೋ ನನಗೇ ಗೊತ್ತಾಗುತ್ತಿಲ್ಲ. ಅದಕ್ಕೇ ಎಲ್ಲಿ ಹಾಕಬೇಕು ಅಂತ ತಿಳಿಯದೆ ಇಲ್ಲೇ ಹಾಕುತ್ತಿದ್ದೇನೆ.

ನನ್ನ ಸೋದರಮಾವನಿಗೆ ಈಗ 79. ಎರಡು ವರ್ಷದಿಂದ ಮರೆವು ಶುರುವಾಗಿದೆ. ಡಾಕ್ಟರಿಗೆ ತೋರಿಸಿದ್ದೇವೆ, ಮಾತ್ರೆ ನಡೆಯುತ್ತಿದೆ. ಹಗಲೆಲ್ಲ ಪರವಾಗಿಲ್ಲ. ಪೇಪರ್ ಓದುತ್ತಾರೆ, ಅಡಿಕೆ ರೇಟು ಕೇಳುತ್ತಾರೆ, ನನ್ನ ಸಂಬಳ ಎಷ್ಟು ಅಂತಲೂ ಕೇಳುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಜಗಲಿಯ ತುದಿಗೆ ಬಂದು ನಿಂತು ಅತ್ತೆಯನ್ನು ಕೂಗುತ್ತಾರೆ. "ಏ, ಕರಿಯಂಗೆ ಅನ್ನ ಹಾಕಿದ್ಯಾ?"

ಕರಿಯ ಸತ್ತಿದ್ದು 2005ರ ಮಳೆಗಾಲದಲ್ಲಿ.

ಅತ್ತೆ ಪ್ರತಿ ದಿನ ಒಂದೇ ಉತ್ತರ ಕೊಡುತ್ತಾರೆ. "ಕರಿಯ ಸತ್ತು 20 ವರ್ಷ ಆಯ್ತಲ್ರೀ." ಮಾವ ಪ್ರತಿ ದಿನ ಅದನ್ನು ಮೊದಲ ಸಲ ಕೇಳಿದ ಹಾಗೆ ಕೇಳುತ್ತಾರೆ. ಗೋಡೆ ಹಿಡಿದುಕೊಂಡು ಕೂರುತ್ತಾರೆ. ಒಂದೊಂದು ದಿನ ಅಳುತ್ತಾರೆ. ಊಟ ಬೇಡ ಅನ್ನುತ್ತಾರೆ. ನಾನು ವರ್ಕ್ ಫ್ರಮ್ ಹೋಮ್ ಅಂತ ಬಂದು ಮೂರು ವಾರ ಆಯಿತು, ಇದನ್ನು ನೋಡಿ ನೋಡಿ ಸಾಕಾಗಿದೆ. "ಹಾಕಿದೆ ಅಂದ್ಬಿಡಿ ಅತ್ತೆ" ಅಂದರೆ ಅವರು ಒಪ್ಪುವುದಿಲ್ಲ. ಜಗಳಕ್ಕೇ ಬರುತ್ತಾರೆ.

ಕರಿಯನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ಅರ್ಥವಾಗಲ್ಲ. ಮಾವ ಕೊಪ್ಪದಲ್ಲಿ ಸೊಸೈಟಿಯೊಂದರಲ್ಲಿ ಗುಮಾಸ್ತರಾಗಿದ್ದರು. 1993ರಲ್ಲಿ ಒಂದು ದಿನ ಬಟ್ಟೆ ಚೀಲದಲ್ಲಿ ಮರಿ ಹಾಕಿಕೊಂಡು ಬಸ್ಸಿನಲ್ಲಿ ತಂದರಂತೆ. ಮೈಯೆಲ್ಲ ಕಪ್ಪು, ನಾಲ್ಕು ಪಾದ ಮಾತ್ರ ಬಿಳಿ, ಸಾಕ್ಸ್ ಹಾಕಿದ ಹಾಗೆ. ರಾತ್ರಿ ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಮುದುಡಿ ಮಲಗುತ್ತಿತ್ತು. ಬೆಳಗ್ಗೆ ಎದ್ದು ಬಂದರೆ ಬೂದು ಬಣ್ಣ. ಅಂಗಳದಲ್ಲಿ ಮೈ ಒದರಿಕೊಂಡ ಮೇಲೆ ಮತ್ತೆ ಕರಿಯ. ರಜೆಗೆ ಬಂದ ನಾವೆಲ್ಲ ಅದನ್ನು ನೋಡಲಿಕ್ಕೆ ಬೇಗ ಏಳುತ್ತಿದ್ದೆವು.

ಸಂಜೆ ಮಾವನ ಬಸ್ಸು ಬರುವ ಹೊತ್ತಿಗೆ ಮುಕ್ಕಾಲು ಮೈಲಿ ಗದ್ದೆ ದಾಟಿ ಕೈಮರದ ಹತ್ತಿರ ಹೋಗಿ ಕೂತಿರುತ್ತಿತ್ತು. ಇದರ ಬಗ್ಗೆ ಮನೆಯಲ್ಲಿ ಇವತ್ತಿಗೂ ಎರಡು ಪಕ್ಷ ಇದೆ. ಮಾವನಿಗಾಗಿ ಹೋಗುತ್ತಿತ್ತು ಅನ್ನುವವರು ಒಂದು ಕಡೆ. ಮಾವನ ಚೀಲದಲ್ಲಿದ್ದ ಬೇಕರಿ ಬನ್ನಿಗಾಗಿ ಹೋಗುತ್ತಿತ್ತು ಅನ್ನುವವರು ಇನ್ನೊಂದು ಕಡೆ. ಅತ್ತೆ ಬನ್ನಿನ ಪಕ್ಷ.

ಈಗ ಹೇಳಿ. ಸುಳ್ಳು ಹೇಳಬಹುದಾ?

ದೋಸೆ ಪ್ರಿಯ · ರಾತ್ರಿ 9:14

ಹಾಕಿದೆ ಅನ್ನಿ. ಮುಗೀತು. ಇದಕ್ಕೂ ಚರ್ಚೆ ಬೇಕಾ?

ರಿಟೈರ್ಡ್ ಮೇಷ್ಟ್ರು, ಮೈಸೂರು · ರಾತ್ರಿ 9:31

ಬೇಕು. 79 ವರ್ಷದವರನ್ನು ಮಗುವಿನ ಹಾಗೆ ಏಮಾರಿಸುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ಅವರಿಗೆ ಹತ್ತು ನಿಮಿಷ ನೆನಪು ಸರಿಯಾಗಿ ಬಂದರೆ? "ನೀವೆಲ್ಲ ಸೇರಿ ನನ್ನ ಹತ್ತಿರ ನಾಟಕ ಆಡಿದಿರಾ" ಅಂದರೆ ಏನು ಹೇಳುತ್ತೀರಿ? ನಿಮ್ಮ ಅತ್ತೆ ಮಾಡುತ್ತಿರುವುದರಲ್ಲಿ ಒಂದು ಮರ್ಯಾದೆ ಇದೆ.

ದೋಸೆ ಪ್ರಿಯ · ರಾತ್ರಿ 9:33

ಸರ್, ದಿನಾ ಅಳಿಸೋದು ಯಾವ ಮರ್ಯಾದೆ?

ವಾರ್ಡ್ ನಂಬರ್ 4 · ರಾತ್ರಿ 9:58

ನಾನು ನರ್ಸ್, ಹೆಚ್ಚಾಗಿ ವಯಸ್ಸಾದವರನ್ನೇ ನೋಡಿಕೊಂಡಿದ್ದೇನೆ. ಡಾಕ್ಟರ್ ಹೇಳಿದ್ದನ್ನು ಬಿಟ್ಟು ನನ್ನ ಮಾತು ಹಿಡಿಯಬೇಡಿ, ಆದರೆ ಕಂಡದ್ದನ್ನು ಹೇಳುತ್ತೇನೆ.

ಈ ಕಾಯಿಲೆಯಲ್ಲಿ ಸಂಜೆ ಹೊತ್ತು ಗೊಂದಲ ಜಾಸ್ತಿಯಾಗುವುದು ತುಂಬಾ ಜನರಲ್ಲಿ ಇದೆ. ಕತ್ತಲಾಗುವ ಮೊದಲೇ ಲೈಟ್ ಹಾಕಿಬಿಡಿ. ಜಗಲಿಯಲ್ಲಿ ನೆರಳು ನೆರಳು ಇರಬಾರದು. ಸಂಜೆ ಕಾಫಿ ಕೊಡುತ್ತಿದ್ದರೆ ಸ್ವಲ್ಪ ಬೇಗ ಕೊಡಿ. ಇದ್ದಕ್ಕಿದ್ದ ಹಾಗೆ ಒಂದೆರಡು ದಿನದಲ್ಲಿ ಗೊಂದಲ ಏರಿದರೆ ಅದನ್ನು ಮರೆವು ಅಂತ ಬಿಡಬೇಡಿ. ಮೂತ್ರದ ಸೋಂಕಿದ್ದರೂ ಹಾಗಾಗುತ್ತದೆ, ಹೊಸ ಮಾತ್ರೆಯಿಂದಲೂ ಆಗುತ್ತದೆ. ತೋರಿಸಿ.

ಇನ್ನು ಸುಳ್ಳಿನ ವಿಷಯ. "ಸತ್ತಿದೆ" ಅಂದರೆ ಅವರಿಗೆ ಅದು ನೆನಪಲ್ಲ, ಹೊಸ ಸುದ್ದಿ. ದಿನಾ ಸಂಜೆ ಹೊಸದಾಗಿ ನಾಯಿ ಸಾಯುತ್ತದೆ. ಹಾಗಂತ ಸುಳ್ಳೂ ಹೇಳಬೇಕಾಗಿಲ್ಲ. ತಿರುಗಿಸಿ ಕೇಳಿ. "ಕರಿಯಂಗೆ ನೀವು ಏನು ಹಾಕ್ತಿದ್ರಿ?" ಅನ್ನಿ. ಅವರು ಹೇಳಲಿ. ಎಷ್ಟೋ ಸಲ ಅವರಿಗೆ ಬೇಕಾಗಿರುವುದು ಉತ್ತರವೇ ಅಲ್ಲ, ಆ ಮಾತು.

ಬಾಗಲಕೋಟಿ ಬಿಸಿಲು · ರಾತ್ರಿ 10:05

ನರ್ಸ್ ಅಕ್ಕ ಹೇಳಿದ್ದು ಬರೋಬ್ಬರಿ. ನಮ್ಮ ಕಾಕಾನೂ ಹೀಂಗ ಇದ್ದ. ಇಲ್ಲದ ಎತ್ತು ಕಟ್ಟಲಿಕ್ಕೆ ರಾತ್ರಿ ಏಳುತ್ತಿದ್ದ.

ಅದಿರಲಿ, ಕರಿಯ ಯಾವ ಜಾತಿ?

ಕೊಪ್ಪದ ಕಡೆಯವಳು · ರಾತ್ರಿ 10:12

ನಮ್ಮ ತಂದೆ ಪ್ರಕಾರ ಅರ್ಧ ಮುಧೋಳ. ಬಾಲ ಸುರುಳಿ ಸುತ್ತಿತ್ತು, ಕುತ್ತಿಗೆ ಸುತ್ತ ದಪ್ಪ ಕೂದಲು.

ಬಾಗಲಕೋಟಿ ಬಿಸಿಲು · ರಾತ್ರಿ 10:26

ತಂದೆಯವರಿಗೆ ನಮಸ್ಕಾರ ಹೇಳಿ, ಆದರೆ ಅದು ಮುಧೋಳ ಅಲ್ಲ. ಅರ್ಧಾನೂ ಅಲ್ಲ, ಕಾಲೂ ಅಲ್ಲ. 😄

ಮುಧೋಳದ ನಾಯಿ ಅಂದರೆ ಉದ್ದ ತಲೆ, ಆಳವಾದ ಎದೆ, ಹೊಟ್ಟೆ ಬೆನ್ನಿಗೆ ಅಂಟಿದ ಹಾಗೆ. ನೋಡಿದವರು "ಪಾಪ, ಊಟ ಹಾಕಲ್ವಾ" ಅಂತ ಕೇಳಬೇಕು. ಅದು ಕಣ್ಣಿನಿಂದ ಬೇಟೆ ಆಡುವ ನಾಯಿ. ಬಯಲಲ್ಲಿ ಮೊಲ ಕಂಡರೆ ಬಿಟ್ಟ ಬಾಣ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇದರ ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಸ್ಟಾಂಪ್ ತಂದಿತು. 2016ರಲ್ಲಿ ತಿಮ್ಮಾಪುರದ ಕೇಂದ್ರದಿಂದ ಮರಿಗಳು ಸೈನ್ಯದ ತರಬೇತಿಗೆ ಮೀರತ್‌ಗೆ ಹೋದವು.

ಇಂಥ ನಾಯಿ ಮಲೆನಾಡಿನ ಬಚ್ಚಲೊಲೆಯಲ್ಲಿ ಮಲಗಿ ಬನ್ನಿಗೆ ಕಾಯುತ್ತದೆಯಾ? ನೀವೇ ಹೇಳಿ.

ಹೊಸನಗರ ಹುಡುಗ · ರಾತ್ರಿ 10:31

ಊರ ನಾಯಿ ಅಂದ್ರೆ ಏನು ಕಮ್ಮಿನಾ? ಸ್ಟಾಂಪ್ ಇಲ್ಲ ಅಷ್ಟೇ.

ಬಾಗಲಕೋಟಿ ಬಿಸಿಲು · ರಾತ್ರಿ 10:33

ಕಮ್ಮಿ ಅಂತ ಎಲ್ಲಿ ಹೇಳಿದೆ ಮಾರಾಯ? ಮುಧೋಳ ಅನ್ನಬೇಡಿ ಅಂದೆ ಅಷ್ಟೇ. ಎಲ್ಲರ ಮನೆ ನಾಯಿಯೂ ಅರ್ಧ ಮುಧೋಳ, ಅರ್ಧ ಅಲ್ಸೇಷನ್. ಹಾಗಿದ್ದರೆ ಊರ ನಾಯಿ ಎಲ್ಲಿ ಹೋದವು?

ಹೊಸನಗರ ಹುಡುಗ · ರಾತ್ರಿ 10:44

ಆ ಬಸ್ಸು ಸಹಕಾರ ಸಾರಿಗೆ ತಾನೇ? ಕೊಪ್ಪ ಅಂದ ಕೂಡಲೇ ಅನ್ನಿಸಿತು. ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಬಸ್ಸು ಅದು. ಡ್ರೈವರ್ ಕಂಡಕ್ಟರ್‌ಗಳೇ ಮಾಲೀಕರು. ನಮ್ಮ ಅಜ್ಜಿ ತೋಟದ ಬಾಗಿಲಲ್ಲಿ ನಿಂತು ಕೈ ಮಾಡಿದರೂ ನಿಲ್ಲಿಸುತ್ತಿದ್ದರು. 2020ರಲ್ಲಿ ನಿಂತುಹೋಯಿತು. ಕರಿಯ ಇದ್ದಿದ್ದರೆ ಇನ್ನೂ ಕೈಮರದ ಹತ್ತಿರ ಕೂತಿರುತ್ತಿತ್ತೇನೋ.

ಕೊಪ್ಪದ ಕಡೆಯವಳು · ರಾತ್ರಿ 10:50

ಹೌದು, ಅದೇ! ಮರಿ ತಂದ ದಿನ ಚೀಲ ಕುಂಯ್ ಅಂದಿದ್ದಕ್ಕೆ ಕಂಡಕ್ಟರ್ "ಇದಕ್ಕೆ ಅರ್ಧ ಟಿಕೆಟ್ಟೋ ಲಗೇಜೋ" ಅಂತ ಕೇಳಿದ್ದರಂತೆ. ಮಾವ ಈ ಕಥೆ ಹೇಳುವಾಗ ಪ್ರತಿ ಸಲ ಟಿಕೆಟ್ ದರ ಬದಲಾಗುತ್ತಿತ್ತು.

ಗೊರವಯ್ಯನ ಮೊಮ್ಮಗ · ಸೋಮವಾರ ಬೆಳಗ್ಗೆ 7:20

ಹಾವೇರಿ ಕಡೆಯವನು ನಾನು. ನಮ್ಮಲ್ಲಿ ನಾಯಿ ಅಂದರೆ ಮೈಲಾರಲಿಂಗನ ಪರಿವಾರ. ಸೇವೆಯ ದಿನ ಗೊರವಯ್ಯಗಳು ನಾಯಿ ಹಾಗೆ ಬೊಗಳುತ್ತಾ ಬಂದು, ದೋಣಿ ಅನ್ನೋ ಬಟ್ಟಲಿಗೆ ಹಾಕಿದ ಹಾಲು, ಬಾಳೆಹಣ್ಣನ್ನು ಕೈ ಹಚ್ಚದೆ ಬಾಯಿಂದಲೇ ತಿನ್ನುತ್ತಾರೆ. ಚಿಕ್ಕವನಿದ್ದಾಗ ನಮ್ಮ ಮುತ್ಯಾ ಹಾಗೆ ತಿನ್ನುವುದನ್ನು ನೋಡಿ ಮನೆ ನಾಯಿ ಮೈಲಾರಿ ಪಕ್ಕದಲ್ಲಿ ಬಂದು ನಿಂತು, ತನ್ನ ಸರದಿ ಯಾವಾಗ ಅನ್ನುವ ಹಾಗೆ ಮುಖ ನೋಡುತ್ತಿತ್ತು. ಯಾರೂ ಓಡಿಸಲಿಲ್ಲ. ಅವತ್ತು ಯಾರು ಓಡಿಸುತ್ತಾರೆ?

ಕುಂದಾಪ್ರ ಮೀನ್ ಸಾರ್ · ಬೆಳಗ್ಗೆ 8:02

ನಮ್ಮಜ್ಜಿ ಮೀನು ಮಾರುತ್ತಿದ್ದರು. ತಲೆ ಮೇಲೆ ಬುಟ್ಟಿ, ಹಿಂದೆ ಬೊಗ್ಗಿ. ನಾಲ್ಕೈದು ಮೈಲಿ ಮನೆ ಮನೆ ಸುತ್ತಿದರೂ ಬುಟ್ಟಿಗೆ ಬಾಯಿ ಹಾಕಿದ್ದಿಲ್ಲ. ಆದರೆ ಮನೆಗೆ ಬಂದ ಮೇಲೆ ದೋಸೆ ಕದಿಯುತ್ತಿತ್ತು! ಅಜ್ಜಿ ಹೇಳುವುದು, "ಅದಕ್ಕೆ ವ್ಯಾಪಾರ ಬೇರೆ, ಸಂಸಾರ ಬೇರೆ ಅಂತ ಗೊತ್ತಿತ್ತು."

ಅಜ್ಜಿ ಹೋಗಿ 9 ವರ್ಷ. ಅವರ ಬಗ್ಗೆ ಮಾತು ಶುರು ಮಾಡಿದರೆ ಮನೆಯಲ್ಲಿ ಎಲ್ಲರೂ ಬೊಗ್ಗಿಯಿಂದಲೇ ಶುರು ಮಾಡುತ್ತಾರೆ. ಯಾಕೋ ನೇರ ಅಜ್ಜಿಗೆ ಹೋಗುವುದಿಲ್ಲ.

ಗೂಗಲ್ ಪಂಡಿತ · ಬೆಳಗ್ಗೆ 9:15

ಬಸ್ಸು ಬರೋದು ನಾಯಿಗೆ ಮೊದಲೇ ಗೊತ್ತಾಗೋದರಲ್ಲಿ ಪವಾಡ ಏನಿಲ್ಲ. ನಮ್ಮ ಕಿವಿ 20,000 ಹರ್ಟ್ಸ್‌ಗೆ ಮುಗಿಯುತ್ತದೆ, ನಾಯಿಯದು 45,000ದ ಹತ್ತಿರ ಹೋಗುತ್ತದೆ. ನಮಗೆ ಕೇಳದ ಬ್ರೇಕಿನ ಕೀರಲು ಅದಕ್ಕೆ ಕೇಳುತ್ತದೆ. ಜೊತೆಗೆ ದಿನದ ಅಭ್ಯಾಸ.

ಹೊಸನಗರ ಹುಡುಗ · ಬೆಳಗ್ಗೆ 9:18

ಪವಾಡ ಅಂತ ಯಾರೂ ಅನ್ನಲಿಲ್ಲವಲ್ಲ ಪಂಡಿತರೇ. ಬನ್ನು ಅಂದರು.

ಮದ್ದೂರು ವಡೆ · ಬೆಳಗ್ಗೆ 11:40

ನಾಯಿ ನೆನಪಿಗೆ ಜಗಳ ಯಾಕೆ, ಕಲ್ಲು ನೆಡಿಸಿ! ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷದ ಹಿಂದೆಯೇ ನೆಡಿಸಿದ್ದಾರೆ. ಗಂಗರ ದೊರೆ ಬೂತುಗನ ಹತ್ತಿರ ಕಾಳಿ ಅನ್ನೋ ಬೇಟೆ ನಾಯಿ ಇತ್ತು. ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರ ಅನ್ನೋ ವೀರನಿಗೆ "ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ಆ ನಾಯಿ. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದುಕೊಂಡವು. ಮಣಲೇರ ಊರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಜಮೀನು ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಡುವುದನ್ನು ಕೆತ್ತಿದ್ದಾರೆ. ಕಾಲ ಸುಮಾರು ಕ್ರಿ.ಶ. 950. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ.

ರಿಟೈರ್ಡ್ ಮೇಷ್ಟ್ರು, ಮೈಸೂರು · ಮಧ್ಯಾಹ್ನ 12:05

ಸರಿಯಾಗಿ ನೆನಪಿಸಿದಿರಿ. ಪಾಠ ಮಾಡುವಾಗ ನಾವು ಅದನ್ನು ತಕ್ಕೋಲಂ ಯುದ್ಧದ ಶಾಸನ ಅಂತಲೇ ಹೇಳುತ್ತಿದ್ದೆವು. ರಾಷ್ಟ್ರಕೂಟ ಮೂರನೇ ಕೃಷ್ಣ, ಚೋಳ ರಾಜಾದಿತ್ಯನ ಸಾವು, ಪರೀಕ್ಷೆಗೆ ಅದೇ ಬರುತ್ತಿತ್ತು. ಹುಡುಗರು ಮಾತ್ರ ಕೇಳುತ್ತಿದ್ದದ್ದು ಒಂದೇ, "ಸಾರ್, ನಾಯಿ ಏನಾಯ್ತು?"

ನ್ಯೂಜೆರ್ಸಿ ಶೆಟ್ರು · ರಾತ್ರಿ 8:30

ಇಲ್ಲಿ ಮರೆವಿನವರಿಗೆ ಬ್ಯಾಟರಿ ನಾಯಿ ಸಿಗುತ್ತದೆ. ಸವರಿದರೆ ಬಾಲ ಆಡಿಸುತ್ತದೆ, ಬೊಗಳುತ್ತದೆ. ಜಪಾನಿನವರು ಪಾರೋ ಅಂತ ಸೀಲ್ ಮರಿಯ ರೋಬೋನೇ ಮಾಡಿದ್ದಾರೆ. ನಮ್ಮ ಪಕ್ಕದ ಮನೆ ಅಜ್ಜಿ ಬ್ಯಾಟರಿ ನಾಯಿ ಹಿಡಿದುಕೊಂಡು ಗಂಟೆಗಟ್ಟಲೆ ಸಮಾಧಾನದಿಂದ ಇರುತ್ತಾರೆ. ಬೇಕಾದರೆ ಬರುವವರ ಕೈಯಲ್ಲಿ ಕಳಿಸುತ್ತೇನೆ.

ಕುಂದಾಪ್ರ ಮೀನ್ ಸಾರ್ · ರಾತ್ರಿ 8:41

ಮಲೆನಾಡು ಮಳೆಗೆ ನಿಮ್ಮ ನಾಯಿಗೆ ಬೂಸ್ಟು ಹಿಡಿಯುತ್ತದೆ ಶೆಟ್ರೇ.

ನಮ್ಮನೆ ರೂಬಿ · ರಾತ್ರಿ 9:00

ಬ್ಯಾಟರಿ ಯಾಕೆ? ನಿಜವಾದ ಮರಿಯನ್ನೇ ತನ್ನಿ. ಕಪ್ಪು ಮರಿ, ಕರಿಯ ಅಂತಲೇ ಹೆಸರಿಡಿ. ಪ್ರಶ್ನೆಯೇ ಇರಲ್ಲ.

ವಾರ್ಡ್ ನಂಬರ್ 4 · ರಾತ್ರಿ 9:09

ದಯವಿಟ್ಟು ಯೋಚನೆ ಮಾಡಿ. ಮರಿ ಕಾಲಿಗೆ ಅಡ್ಡ ಬಂದು 79 ವರ್ಷದವರು ಬಿದ್ದರೆ ಸೊಂಟದ ಮೂಳೆ ಕಥೆ ಏನು? ಮತ್ತೆ ಆ ಮರಿಯನ್ನು ನೋಡಿಕೊಳ್ಳುವವರು ಯಾರು, ಅತ್ತೆಯೇ ತಾನೆ? ಈಗಲೇ ಒಬ್ಬರನ್ನು ನೋಡಿಕೊಳ್ಳುತ್ತಿದ್ದಾರೆ.

ದನದ ಡಾಕ್ಟ್ರು · ರಾತ್ರಿ 9:22

ನಾಯಿಗೂ ನಾನೇ ಡಾಕ್ಟ್ರು, ಹೆಸರು ಹಾಗೆ ಬಿದ್ದಿದೆ. ಯಾರೇ ಮರಿ ತರಲಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ನಮ್ಮವರು ಬರೆದುಕೊಟ್ಟ ದಿನಕ್ಕೆ ತಪ್ಪದೆ ಬೂಸ್ಟರ್. ಚಾಕಲೇಟ್, ದ್ರಾಕ್ಷಿ, ಈರುಳ್ಳಿ ಕೊಡಬೇಡಿ. ಮಲೆನಾಡಿನಲ್ಲಿ ಉಣುಗು ತೆಗೆಯುವುದನ್ನು ಮರೆಯಬೇಡಿ.

ದೋಸೆ ಪ್ರಿಯ · ರಾತ್ರಿ 9:25

ರೇಬೀಸ್ ಅಂದ್ರೆ ನಮ್ಮ ಚಿಕ್ಕಪ್ಪನ ಕಥೆ ನೆನಪಾಯ್ತು. ಅತ್ತಿಗೆ ಮನೆ ನಾಯಿ ಕಚ್ಚಿ ಹೊಕ್ಕುಳ ಸುತ್ತ 14 ಇಂಜೆಕ್ಷನ್. ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ದಿನಾ ಮೂರು ಜನ ಬೇಕಿತ್ತು. ಇವತ್ತಿಗೂ ಮದುವೆ ಮನೆಯಲ್ಲಿ ನಾಯಿ ಕಂಡರೆ ಹೊಟ್ಟೆ ಮುಟ್ಟಿ ನೋಡ್ಕೋತಾರೆ. ಈಗಲೂ ಹೊಟ್ಟೆಗೇ ಹಾಕ್ತಾರಾ ಡಾಕ್ಟ್ರೇ?

ದನದ ಡಾಕ್ಟ್ರು · ರಾತ್ರಿ 9:40

ಇಲ್ಲಪ್ಪ. ಆ ಹಳೆ ಲಸಿಕೆ ನಿಂತು 20 ವರ್ಷವಾಯಿತು. ಈಗ ತೋಳಿಗೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಗಾಯ ಆಳವಾಗಿದ್ದರೆ ಜೊತೆಗೆ ಸೀರಮ್ಮೂ ಬೇಕು. ಎಲ್ಲಕ್ಕಿಂತ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಬೇಡ. ಮನೆ ನಾಯಿ ಕಚ್ಚಿದ್ದು ಅಂತ ಸುಮ್ನೆ ಕೂರಬೇಡಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳೋಕೆ ಆಗಲ್ಲ.

ನಮ್ಮನೆ ರೂಬಿ · ರಾತ್ರಿ 10:02

ಮೂಲ ವಿಷಯಕ್ಕೆ ಬರ್ತೀನಿ. ಕ್ಷಮಿಸಿ, ಆದರೆ ನಿಮ್ಮ ಅತ್ತೆಯದು ಹಟ. ಗಂಡ ಎದುರಿಗೇ ಅಳ್ತಾ ಇದ್ದರೂ "ಸತ್ತಿದೆ ಸತ್ತಿದೆ" ಅಂತ ದಿನಾ ಚುಚ್ಚೋದು ಅಂದರೆ? ಬಹುಶಃ ಅವರಿಗೆ ಆ ನಾಯಿ ಮೇಲೆ ಮೊದಲಿಂದಲೂ ಇಷ್ಟ ಇರಲಿಲ್ಲ ಅನ್ನಿಸುತ್ತೆ.

ದೋಸೆ ಪ್ರಿಯ · ರಾತ್ರಿ 10:04

+1. ಬನ್ನಿನ ಪಕ್ಷ ಅಂದಾಗಲೇ ಡೌಟ್ ಬಂತು.

ರಿಟೈರ್ಡ್ ಮೇಷ್ಟ್ರು, ಮೈಸೂರು · ರಾತ್ರಿ 10:11

ಕಂಡಿಲ್ಲದ ಹೆಂಗಸಿನ ಬಗ್ಗೆ ಇಷ್ಟು ಬೇಗ ತೀರ್ಪು ಬೇಡ. ಯಾಕೆ ಅಂತ ಅವರನ್ನೇ ಯಾರಾದರೂ ಕೇಳಿದ್ದೀರಾ?

ಕೊಪ್ಪದ ಕಡೆಯವಳು · ಮಂಗಳವಾರ ರಾತ್ರಿ 11:35

ಮೇಷ್ಟ್ರೇ, ನಾನು ಕೇಳಿರಲಿಲ್ಲ. ಬುದ್ಧಿ ಹೇಳಿದ್ದೆ, ಕೇಳಿರಲಿಲ್ಲ. ಇವತ್ತು ಕೇಳಿದೆ.

ಮಾವ ಮಲಗಿದ ಮೇಲೆ ಅತ್ತೆ ಅಡುಗೆಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಬಿಡಿಸಿದೆ. ಆಮೇಲೆ ಹೇಳಿದರು.

2005ರ ಜುಲೈಯಲ್ಲಿ ಮಾವನಿಗೆ ಮಣಿಪಾಲದಲ್ಲಿ ಆಪರೇಷನ್ ಆಯಿತು. ಇದು ನನಗೂ ಗೊತ್ತಿತ್ತು. ಜೊತೆಗೆ ಮಗ ಹೋಗಿದ್ದ. ದನಕರು ಇದ್ದದ್ದರಿಂದ ಅತ್ತೆ ಮನೆಯಲ್ಲೇ ಉಳಿದರು. ಮಾವ ಹೋದ ಮೂರನೇ ದಿನ ಬೆಳಗ್ಗೆ ಕರಿಯ ಬಚ್ಚಲೊಲೆಯಿಂದ ಎದ್ದು ಬರಲಿಲ್ಲ. 12 ವರ್ಷ ವಯಸ್ಸಾಗಿತ್ತು. ಅತ್ತೆ ಮತ್ತು ತೋಟದ ಆಳು ಸೇರಿ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ಮೈಯ ಬೂದಿ ಒರೆಸಲು ಹೋದೆ, ಆಮೇಲೆ ಬೇಡ ಅನ್ನಿಸಿತು, ಹಾಗೇ ಇಟ್ಟೆ ಅಂದರು.

ಅವತ್ತು ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಮಾವನ ಮೊದಲ ಮಾತು, "ಕರಿಯಂಗೆ ಅನ್ನ ಹಾಕಿದ್ಯಾ?"

ಈ ಸ್ಥಿತಿಯಲ್ಲಿ ಹೇಳಬೇಡಿ ಅಂತ ಮಗ ಮೊದಲೇ ಹೇಳಿದ್ದ. ಅತ್ತೆ "ಹಾಕಿದೆ" ಅಂದರು. ಫೋನ್ ಇಟ್ಟರು. ಇಟ್ಟವರು ಒಳಗೆ ಹೋಗಿ ನಿಜವಾಗಿಯೂ ಅನ್ನಕ್ಕೆ ಮಜ್ಜಿಗೆ ಕಲಸಿ ತಂದು ಹಿತ್ತಿಲ ಕಲ್ಲು ಮರಿಗೆಗೆ, ಅಂದರೆ ಕಲ್ಲಿನ ಬಾನಿಗೆ, ಹಾಕಿದರಂತೆ. ಸುಳ್ಳಾಗಬಾರದಲ್ಲ ಅಂತ! ಮರುದಿನದಿಂದ ಫೋನ್ ಬರುವ ಮೊದಲೇ ಹಾಕಿಡುವುದು. 12 ದಿನ. ಬೆಳಗ್ಗೆ ಕಾಗೆ ತಿಂದಷ್ಟು ತಿನ್ನುವುದು, ಉಳಿದದ್ದು ಮಳೆಗೆ ಹೋಗುವುದು.

ಮಾವ ಮನೆಗೆ ಬಂದ ದಿನ ಕಾರಿನಿಂದ ಇಳಿದವರು ಒಳಗೆ ಬರಲಿಲ್ಲ. ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋದರು. ಮರಿಗೆಯಲ್ಲಿ ಹಿಂದಿನ ರಾತ್ರಿಯ ಅನ್ನ ಊದಿಕೊಂಡು ನಿಂತಿತ್ತು. ನೋಡಿದರು. ಏನೂ ಕೇಳಲಿಲ್ಲ. ಎರಡು ದಿನ ಅತ್ತೆಯ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಹೇಳಿದ್ದು ಇಷ್ಟು: "ಹೋಗಿದ್ದಕ್ಕೆ ಬೇಜಾರಿಲ್ಲ ಮಾರಾಯ್ತಿ, ವಯಸ್ಸಾಗಿತ್ತು. ಆದ್ರೆ ದಿನಾ ಕೇಳ್ದಾಗ್ಲೂ ಹಾಕಿದೆ ಅಂದ್ಯಲ್ಲ. ಇನ್ನೊಂದ್ ಸಲ ನನ್ನ ಹತ್ರ ಹಂಗೆ ಹೇಳ್ಬೇಡ."

ಹೇಳಲ್ಲ ಅಂತ ಅತ್ತೆ ಮಾತು ಕೊಟ್ಟರು.

"ಅವ್ರಿಗೆ ಮರ್ತೋಗಿದೆ. ನಂಗೆ ಮರ್ತಿಲ್ವಲ್ಲೇ" ಅಂದರು. ನನಗೆ ಮಾತು ಹೊರಡಲಿಲ್ಲ. ಮಾವ ಕೇಳುತ್ತಿರುವುದು ಅದೇ ಫೋನಿನ ಪ್ರಶ್ನೆ, ಅದೇ ಪದಗಳು.

ನಮ್ಮನೆ ರೂಬಿ · ರಾತ್ರಿ 11:41

ಅಯ್ಯೋ. ನನ್ನ ಮಾತು ವಾಪಸ್ ತಗೊಂಡೆ. ಅತ್ತೆಗೆ ಸಾರಿ ಹೇಳಿ. ಹೇಳಬೇಡಿ, ನಾನು ಏನಂದೆ ಅಂತ ಅವರಿಗೆ ಗೊತ್ತಾಗೋದೇ ಬೇಡ.

ಬಾಗಲಕೋಟಿ ಬಿಸಿಲು · ರಾತ್ರಿ 11:52

ಫೋನ್ ಇಟ್ಟು ಹೋಗಿ ಅನ್ನ ಹಾಕಿದ್ದು. ಮನಸ್ಸಿನಿಂದ ಹೋಗವಲ್ಲದು.

ದೋಸೆ ಪ್ರಿಯ · ಬುಧವಾರ ಬೆಳಗ್ಗೆ 6:50

ಹಾಗಾದ್ರೆ ಈಗಲೂ ಮರಿಗೆಗೆ ಒಂದು ತುತ್ತು ಅನ್ನ ಹಾಕಿಡಲಿ. ಯಾವುದಾದರೂ ನಾಯಿ ತಿನ್ನುತ್ತೆ. "ಹಾಕಿದೆ" ಅನ್ನೋದು ಸುಳ್ಳಾಗಲ್ಲ.

ರಿಟೈರ್ಡ್ ಮೇಷ್ಟ್ರು, ಮೈಸೂರು · ಬೆಳಗ್ಗೆ 7:15

ಅದನ್ನೇ ಅಲ್ಲವೇ ಅವರು 2005ರಲ್ಲಿ ಮಾಡಿ ಸಿಕ್ಕಿಬಿದ್ದದ್ದು! ಆ ಮರಿಗೆಯನ್ನೇ ಮತ್ತೆ ಅವರ ಮುಂದೆ ಇಡುವುದೇ?

ವಾರ್ಡ್ ನಂಬರ್ 4 · ಬೆಳಗ್ಗೆ 7:40

ಮಾತು ಮುರಿಯುವುದು ಬೇಡ. ನಾನು ಮೊದಲು ಹೇಳಿದ್ದನ್ನು ಒಮ್ಮೆ ನೋಡಿ. ತಿರುಗಿಸಿ ಕೇಳುವುದು ಸುಳ್ಳಲ್ಲ. "ಹಾಕಿದೆ" ಅಂತಲೂ ಅನ್ನಬೇಕಾಗಿಲ್ಲ, "ಸತ್ತಿದೆ" ಅಂತಲೂ ಅನ್ನಬೇಕಾಗಿಲ್ಲ. ಆದರೆ ಅತ್ತೆಗೆ ಇದನ್ನು ಬುದ್ಧಿ ಹೇಳುವ ಹಾಗೆ ಹೇಳಬೇಡಿ. ನೀವೇ ಒಂದು ದಿನ ಅವರ ಎದುರಿಗೆ ಮಾಡಿ ತೋರಿಸಿ.

ನ್ಯೂಜೆರ್ಸಿ ಶೆಟ್ರು · ಬೆಳಗ್ಗೆ 8:05

ಬ್ಯಾಟರಿ ನಾಯಿ ಕ್ಯಾನ್ಸಲ್ ಅಂದ್ಕೋತೀನಿ.

ಕುಂದಾಪ್ರ ಮೀನ್ ಸಾರ್ · ಬೆಳಗ್ಗೆ 8:06

ನಿಮಗೇ ಇಟ್ಟುಕೊಳ್ಳಿ ಶೆಟ್ರೇ, ವಯಸ್ಸಾದ ಮೇಲೆ ಬೇಕಾಗುತ್ತೆ. 😄

ಕೊಪ್ಪದ ಕಡೆಯವಳು · ಮುಂದಿನ ಬುಧವಾರ ರಾತ್ರಿ 10:20

ಒಂದು ವಾರದ ವರದಿ.

ಮೊದಲು, ಜಗಲಿಗೆ ಟ್ಯೂಬ್‌ಲೈಟ್ ಹಾಕಿಸಿದೆ. 5:30ಕ್ಕೇ ಹಚ್ಚುತ್ತೇವೆ. ಕಾಫಿ 4 ಗಂಟೆಗೆ. ಇದರಿಂದಲೇ ಎರಡು ದಿನ ಪ್ರಶ್ನೆ ಬರಲಿಲ್ಲ. ಅಥವಾ ಸುಮ್ನೆ ಬರಲಿಲ್ಲವೋ ಏನೋ.

ಶುಕ್ರವಾರ ಬಂತು. ಅತ್ತೆ ಬಾಯಿ ತೆರೆಯುವ ಮೊದಲು ನಾನು "ಮಾವ, ಕರಿಯಂಗೆ ಏನು ಹಾಕ್ತಿದ್ರಿ ನೀವು?" ಅಂದೆ. ಮಾವ ನನ್ನ ಮುಖ ನೋಡಿದರು, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ. "ಅನ್ನ ಮಜ್ಜಿಗೆ. ಉಪ್ಪು ಹಾಕ್ಬಾರ್ದು. ಹಲಸಿನ ಹಣ್ಣಿನ ಕಾಲಕ್ಕೆ ಅನ್ನ ಮುಟ್ತಿರ್ಲಿಲ್ಲ, ತೊಳೆ ತಿಂದು ಬೀಜ ಜಗಲಿ ಮೇಲೆ ಸಾಲಾಗಿ ಬಿಟ್ಟು ಹೋಗ್ತಿತ್ತು" ಅಂದರು. ಅಲ್ಲಿಂದ ಕುರ್ಕ, ಅಂದರೆ ಚಿರತೆ, ಬಂದ ರಾತ್ರಿಯ ಕಥೆಗೆ ಹೋದರು. ಆ ವರ್ಷ ಅಕ್ಕಪಕ್ಕದ ಮನೆಯ ನಾಯಿಗಳನ್ನೆಲ್ಲ ಕುರ್ಕ ಹೊತ್ತೊಯ್ದಿತ್ತಂತೆ, ಕರಿಯ ಬಚ್ಚಲಲ್ಲಿ ಮಲಗುತ್ತಿದ್ದುದರಿಂದ ಉಳಿಯಿತಂತೆ. ಊಟಕ್ಕೆ ಕರೆದಾಗ ಎದ್ದು ಬಂದರು.

ಶನಿವಾರ ಇದು ಕೆಲಸ ಮಾಡಲಿಲ್ಲ. "ನಾನು ಕೇಳಿದ್ದೇನು, ನೀನು ಹೇಳ್ತಿರೋದೇನು" ಅಂತ ಸಿಟ್ಟಾದರು. ಅತ್ತೆ ಸತ್ಯ ಹೇಳಿದರು, ಮಾವ ಅತ್ತರು. ಹಾಗಾಗಿ ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ.

ಸೋಮವಾರ ಅತ್ತೆ ತಾವಾಗಿಯೇ ಶುರು ಮಾಡಿದರು. ನನಗೆ ಕೇಳಲಿ ಅಂತಲೋ ಏನೋ ಸ್ವಲ್ಪ ಗಟ್ಟಿಯಾಗಿಯೇ. "ಅನ್ನದ್ದು ಬಿಡಿ, ನಿಮ್ಮ ಕರಿಯ ಬಸ್ಸಿನ ಹತ್ರ ಬರ್ತಿದ್ದಿದ್ದು ಬನ್ನಿಗೆ." ಮಾವ ಜಗಲಿಯಿಂದ ತಿರುಗಿ ನಿಂತರು. ಇಷ್ಟು ದಿನದಲ್ಲಿ ಆ ಮುಖ ನಾನು ನೋಡಿರಲಿಲ್ಲ, ಸೊಸೈಟಿ ಲೆಕ್ಕ ತಪ್ಪಿದಾಗ ಹಾಗಿರುತ್ತಿತ್ತು.

"ಬನ್ನು ನಾನು ತರ್ತಿದ್ದಿದ್ದು ಸಂತೆ ದಿನ ಒಂದೇ. ಉಳಿದ ಆರು ದಿನ ಯಾತಕ್ಕೆ ಬರ್ತಿತ್ತು?"

ಅತ್ತೆ "ಸಂತೆ ಯಾವತ್ತು ಅಂತ ಅದಕ್ಕೇನು ಗೊತ್ತು" ಅಂದರು. ಮಾವ "ಬಸ್ಸಿನ ಟೈಮು ಗೊತ್ತಿರೋದಕ್ಕೆ ಸಂತೆ ಗೊತ್ತಿರಲ್ವಾ" ಅಂದರು. ಮುಕ್ಕಾಲು ಗಂಟೆ ನಡೆಯಿತು. ನಾನು ಒಳಗೆ ಹೋಗಿ ಸಾರು ಬಿಸಿ ಮಾಡಿದೆ. ಆ ಗಲಾಟೆಯಲ್ಲಿ ಅನ್ನ ಹಾಕಿದ ವಿಷಯ ಇಬ್ಬರಿಗೂ ಮರೆತುಹೋಯಿತು.

ನಿನ್ನೆಯೂ ಅದೇ ಜಗಳ, ಮಾವನಿಗೆ ಅದು ಹೊಸದು. ಅತ್ತೆಗೆ ಹಳೆಯದು, ಆದರೂ ಸೋಲುವುದಿಲ್ಲ.

ಗೂಗಲ್ ಪಂಡಿತ · ರಾತ್ರಿ 10:31

ಆರು ದಿನ ಬನ್ನು ಇಲ್ಲ, ಒಂದು ದಿನ ಇದೆ ಅಂದರೆ ನಾಯಿ ಇನ್ನೂ ಜಾಸ್ತಿ ನಿಷ್ಠೆಯಿಂದ ಬರುತ್ತದೆ. ಯಾವತ್ತು ಸಿಗುತ್ತದೋ ಗೊತ್ತಿಲ್ಲದಿದ್ದರೆ ಆಸೆ ಬಿಡುವುದಿಲ್ಲ, ಲಾಟರಿ ಹಾಗೆ. ಸೈಕಾಲಜಿಯಲ್ಲಿ ಇದು...

ಹೊಸನಗರ ಹುಡುಗ · ರಾತ್ರಿ 10:32

ಪಂಡಿತರೇ, ಅತ್ತೆ ಕಡೆಗೆ ಹೋಗಬೇಡಿ. ಮಾವ ಗೆದ್ದಾಯ್ತು.

ಮದ್ದೂರು ವಡೆ · ರಾತ್ರಿ 10:40

ಹಲಸಿನ ಮರದ ಕೆಳಗೆ ಕಲ್ಲು ಇದೆಯಾ?

ಕೊಪ್ಪದ ಕಡೆಯವಳು · ರಾತ್ರಿ 10:44

ಕಲ್ಲಿಲ್ಲ. ಮರವೂ ಇಲ್ಲ, ಗಾಳಿಗೆ ಬಿತ್ತು. ಮರಿಗೆ ಇದೆ, ಕೋಳಿ ನೀರು ಕುಡಿಯುತ್ತವೆ.

ಬಾಗಲಕೋಟಿ ಬಿಸಿಲು · ರಾತ್ರಿ 10:51

ಫೋಟೋ ಇದ್ದರೆ ಹಾಕಿ ತಂಗಿ. ಜಾತಿ ಕೇಳಲ್ಲ, ಆಣೆ.

ಕೊಪ್ಪದ ಕಡೆಯವಳು · ರಾತ್ರಿ 11:02

ಒಂದೇ ಒಂದು ಇದೆ. 1996ರಲ್ಲಿ ನನ್ನ ಚಿಕ್ಕಮ್ಮನ ಮದುವೆಯದು. ಚಪ್ಪರದ ಕೆಳಗೆ 23 ಜನ ಸಾಲಾಗಿ ನಿಂತಿದ್ದಾರೆ. ಮಾವನ ಪಂಚೆಯ ಪಕ್ಕ ಕರಿಯನ ಹಿಂದಿನ ಎರಡು ಕಾಲು, ಸುರುಳಿ ಬಾಲ. ತಲೆ ಚೌಕಟ್ಟಿನಿಂದ ಆಚೆ ಹೋಗಿದೆ. ಅಡುಗೆಯವರ ಕಡೆ ತಿರುಗಿತ್ತು ಅನ್ನುತ್ತಾರೆ ಅತ್ತೆ.

ಬಾಗಲಕೋಟಿ ಬಿಸಿಲು · ರಾತ್ರಿ 11:03

ಬಾಲ ಸಾಕು. ಹಾಕಿ.